ಕರ್ನಾಟಕದ ಕರಾವಳಿ ಮತ್ತು ಲಕ್ಷದ್ವೀಪದ ಅಲೆಶಕ್ತಿ: ನಮ್ಮ ಅಂದಾಜು ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ತೊಗರಿನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಈ ವರ್ಷ ಅಂತಿಮ ತರಗತಿಯ ನಾಲ್ವರು ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್‌ಗಾಗಿ ಕಡಲಿನ ಅಲೆಗಳಿಂದ ಸಿಗಬಹುದಾದ ವಿದ್ಯುತ್ತಿನ ಅಂದಾಜು ಎಂಬ ವಿಷಯವನ್ನು ಆರಿಸಿಕೊಂಡಿದ್ದಾರೆ. ಅವರಲ್ಲಿ ಮೂವರು ಇದುವರೆಗೆ ಸಮುದ್ರವನ್ನೇ ಕಂಡವರಲ್ಲ. ಸೌರಶಕ್ತಿಯನ್ನು ತೆಗೆದುಕೊಳ್ಳಿ ಎಂದು ನಾನು ಹೇಳಿದ್ದೆ. ಬಿಸಿಲು ನಮಗೆ ಹೇಗೂ ಗೊತ್ತಲ್ಲ ಮೇಡಂ, ಗೊತ್ತಿಲ್ಲದ್ದನ್ನೇ ಮಾಡುತ್ತೇವೆ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಮಾಡಿರುವುದು ಇಷ್ಟು. ಯುರೋಪಿನ ಹವಾಮಾನ ಕೇಂದ್ರ ಉಚಿತವಾಗಿ ಒದಗಿಸುವ ಎರಾ-5 ಎಂಬ ಮರುವಿಶ್ಲೇಷಣೆಯ (ಹಿಂದಿನ ವೀಕ್ಷಣೆಗಳನ್ನು ಗಣಕ ಮಾದರಿಯೊಂದಿಗೆ ಬೆರೆಸಿ ಕಟ್ಟಿದ) ದತ್ತಾಂಶದಿಂದ ಕಾರವಾರಕ್ಕೆ ಹತ್ತಿರದ ಒಂದು ಬಿಂದುವನ್ನು ಆರಿಸಿ, ತಿಂಗಳ ಸರಾಸರಿ ಅಲೆ ಎತ್ತರವನ್ನೂ ಶಿಖರ ಅವಧಿಯನ್ನೂ (ಅತಿ ಹೆಚ್ಚು ಶಕ್ತಿ ಹೊತ್ತ ಅಲೆಗಳು ಒಂದರ ಹಿಂದೆ ಒಂದು ಬರಲು ಹಿಡಿಯುವ ಸಮಯ) ಇಳಿಸಿಕೊಂಡರು. ಮೊದಲ ಲೆಕ್ಕ ಸುಲಭವಾಗಲೆಂದು ವರ್ಷವನ್ನು ಎರಡೇ ಭಾಗ ಮಾಡಿ, ಮುಂಗಾರಿನ ನಾಲ್ಕು ತಿಂಗಳಿಗೆ 2.5 ಮೀಟರ್, ಉಳಿದ ಎಂಟು ತಿಂಗಳಿಗೆ 0.8 ಮೀಟರ್ ಎಂದೂ, ಅವಧಿ ವರ್ಷವಿಡೀ 8 ಸೆಕೆಂಡ್ ಎಂದೂ ಸ್ಥೂಲವಾಗಿ ಇಟ್ಟುಕೊಂಡಿದ್ದಾರೆ. ವರ್ಷದ ಸರಾಸರಿ ಎತ್ತರ ಸುಮಾರು 1.37 ಮೀಟರ್ ಬಂತು. ಆಳ ನೀರಿನ ಸೂತ್ರದಂತೆ ಎತ್ತರದ ವರ್ಗವನ್ನು ಅವಧಿಯಿಂದ ಗುಣಿಸಿ, ಬಂದದ್ದನ್ನು 0.49ರಿಂದ ಗುಣಿಸಿದಾಗ ಅಲೆಯ ಪ್ರತಿ ಮೀಟರ್ ಅಗಲಕ್ಕೆ ಸುಮಾರು 7.3 ಕಿಲೋವ್ಯಾಟ್ ಸಿಕ್ಕಿತು. ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಎಂದು ಹಿಡಿದರೆ ಒಟ್ಟು ಸುಮಾರು 2,300 ಮೆಗಾವ್ಯಾಟ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯವೇ 1,720 ಮೆಗಾವ್ಯಾಟ್ ಆಗಿರುವಾಗ, ಇಷ್ಟು ದೊಡ್ಡ ಸಂಖ್ಯೆ ಇಷ್ಟು ಸುಲಭವಾಗಿ ಕೈಗೆ ಬಂದದ್ದೇ ನನಗೆ ಅನುಮಾನ ಹುಟ್ಟಿಸಿದೆ.

ಎರಡನೆಯದಾಗಿ, ಅದೇ ವಿಧಾನವನ್ನು ಲಕ್ಷದ್ವೀಪದ ಕವರತ್ತಿಗೂ ಅನ್ವಯಿಸಿ, ಪ್ರತಿ ಮೀಟರಿನ ಶಕ್ತಿಯನ್ನು ದ್ವೀಪದ ಸುತ್ತಳತೆಯಿಂದ ಗುಣಿಸಿದ್ದಾರೆ. ದ್ವೀಪಕ್ಕೆ ಸುತ್ತಲೂ ಅಲೆ ಬಡಿಯುತ್ತದಲ್ಲವೇ ಎಂಬುದು ಅವರ ವಾದ. ಈ ಎರಡು ಲೆಕ್ಕಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಬಿದರಿ ಕುಸುರಿ (ಬೀದರ್)

ಮೇಡಂ, ನಾನು ಸಿವಿಲ್ ಎಂಜಿನಿಯರ್ ಆಗಿ ಹಲವು ವರ್ಷ ಬಂದರು ಕಾಮಗಾರಿಗಳಲ್ಲಿದ್ದು, ಈಗ ನಿವೃತ್ತನಾಗಿ ಬೀದರಿನಲ್ಲಿದ್ದೇನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ತಪ್ಪುಗಳು ಒಂದೇ ದಿಕ್ಕಿನಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ಲೆಕ್ಕವನ್ನು ಕುಗ್ಗಿಸಿವೆ, ಕೆಲವು ಹಿಗ್ಗಿಸಿವೆ.

ಕುಗ್ಗಿಸಿರುವುದು ಸರಾಸರಿಯ ಕ್ರಮ. ಶಕ್ತಿಯು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎತ್ತರಗಳ ಸರಾಸರಿ ತೆಗೆದು ಆಮೇಲೆ ವರ್ಗ ಮಾಡುವುದಕ್ಕೂ, ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ನಿಮ್ಮವೇ ಅಂಕಿಗಳನ್ನು ಎರಡನೆಯ ಕ್ರಮದಲ್ಲಿ ಹಾಕಿ ನೋಡಿ. ಮುಂಗಾರಿನಲ್ಲಿ ಪ್ರತಿ ಮೀಟರಿಗೆ 24.5 ಕಿಲೋವ್ಯಾಟ್, ಉಳಿದ ಎಂಟು ತಿಂಗಳು 2.5 ಕಿಲೋವ್ಯಾಟ್, ವರ್ಷದ ಸರಾಸರಿ ಸುಮಾರು 9.8 ಕಿಲೋವ್ಯಾಟ್ ಬರುತ್ತದೆ. ಅಂದರೆ ವರ್ಷದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 83 ಭಾಗ ನಾಲ್ಕೇ ತಿಂಗಳಲ್ಲಿ ಬಂದು ಹೋಗುತ್ತದೆ. ಸರಾಸರಿ 9.8 ಎಂಬುದು ವರ್ಷದ ಯಾವ ತಿಂಗಳಿನಲ್ಲೂ ಇಲ್ಲದ ಸಂಖ್ಯೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ. ನಮ್ಮ ಭೀಮೆಯ ವರ್ಷದ ಸರಾಸರಿ ಹರಿವನ್ನು ಒಂದೇ ಅಂಕಿಯಲ್ಲಿ ಬರೆದರೆ ಅದರಲ್ಲಿ ಪ್ರವಾಹವೂ ಕಾಣುವುದಿಲ್ಲ, ಬೇಸಿಗೆಯ ಮರಳೂ ಕಾಣುವುದಿಲ್ಲ. ಇದೂ ಹಾಗೆಯೇ. ನಿಜವಾದ ಲೆಕ್ಕವನ್ನು ತಿಂಗಳ ಸರಾಸರಿಯಿಂದಲೂ ಮಾಡಬಾರದು. ಎರಾ-5ರಲ್ಲಿ ಗಂಟೆಗೊಂದರಂತೆ 1940ರಿಂದ ಈಚಿನ ದತ್ತಾಂಶ ಸಿಗುತ್ತದೆ. ಪ್ರತಿ ಗಂಟೆಯ ಶಕ್ತಿಯನ್ನು ಬೇರೆಬೇರೆಯಾಗಿ ಕಂಡುಕೊಂಡು ಆಮೇಲೆ ಕೂಡಿಸಬೇಕು.

ಅವಧಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ಸೂತ್ರದಲ್ಲಿ ಹಾಕಬೇಕಾದದ್ದು ಶಕ್ತಿ ಅವಧಿಯೇ (ಎಲ್ಲ ಅಲೆಗಳ ಶಕ್ತಿಯನ್ನು ತೂಗಿ ತೆಗೆದ ಸರಾಸರಿ ಅವಧಿ) ಹೊರತು ಶಿಖರ ಅವಧಿಯಲ್ಲ. ಅಲೆಗಳ ರೋಹಿತಕ್ಕೆ (ಯಾವ ಅವಧಿಯ ಅಲೆಯಲ್ಲಿ ಎಷ್ಟು ಶಕ್ತಿ ಎಂಬ ಹಂಚಿಕೆಗೆ) ಒಂದೇ ಶಿಖರವಿದ್ದಾಗ ಶಿಖರ ಅವಧಿಯನ್ನು 0.9ರಿಂದ ಗುಣಿಸಿದರೆ ಸ್ಥೂಲವಾಗಿ ಸಾಕಾಗುತ್ತದೆ. ಆದರೆ ನಮ್ಮ ಪಶ್ಚಿಮ ತೀರದಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ರೋಹಿತಕ್ಕೆ ಎರಡು ಶಿಖರಗಳಿರುವುದು ಸಾಮಾನ್ಯ. ದಕ್ಷಿಣ ಮಹಾಸಾಗರದಲ್ಲಿ ಹುಟ್ಟಿ ಸಾವಿರಾರು ಕಿ.ಮೀ. ದಾಟಿ ಬರುವ ದೀರ್ಘ ಅವಧಿಯ ಸ್ವೆಲ್ ಒಂದು, ಮಧ್ಯಾಹ್ನದ ಕಡಲಗಾಳಿ ಎಬ್ಬಿಸುವ ಕಿರು ಅವಧಿಯ ಅಲೆಗಳು ಇನ್ನೊಂದು. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆಯ ಶಮಾಲ್ ಗಾಳಿಯಿಂದ ವಾಯವ್ಯದ ಅಲೆಗಳೂ ಬಂದು ಸೇರುತ್ತವೆ. ಇಂಥ ಸಮುದ್ರದಲ್ಲಿ ಶಿಖರ ಅವಧಿ ಈ ಗಂಟೆಯಲ್ಲಿ 14 ಸೆಕೆಂಡ್ ಎಂದು, ಮುಂದಿನ ಗಂಟೆಯಲ್ಲಿ 5 ಸೆಕೆಂಡ್ ಎಂದು ಕುಣಿಯುತ್ತದೆ. ಅನುಕೂಲದ ಸಂಗತಿಯೆಂದರೆ, ಎರಾ-5 ಕೊಡುವ ‘ಸರಾಸರಿ ಅಲೆ ಅವಧಿ’ ಎಂಬುದು ವ್ಯಾಖ್ಯೆಯ ಪ್ರಕಾರ ಶಕ್ತಿ ಅವಧಿಯೇ ಆಗಿದೆ. ಅದನ್ನು ನೇರವಾಗಿ ಬಳಸಿಕೊಳ್ಳಿ.

ಇನ್ನು ಹಿಗ್ಗಿಸಿರುವ ತಪ್ಪುಗಳು. 8 ಸೆಕೆಂಡಿನ ಅಲೆಯ ಉದ್ದ ಆಳ ನೀರಿನಲ್ಲಿ ಸುಮಾರು 100 ಮೀಟರ್. ನೀರಿನ ಆಳ ಅದರ ಅರ್ಧಕ್ಕಿಂತ, ಅಂದರೆ 50 ಮೀಟರಿಗಿಂತ ಹೆಚ್ಚಿದ್ದಾಗ ಮಾತ್ರ ನಿಮ್ಮ ಸೂತ್ರ ಸಲ್ಲುತ್ತದೆ. ನಮ್ಮ ತೀರದಾಚೆ ಕಡಲತಳ ನಿಧಾನವಾಗಿ ಇಳಿಯುತ್ತದೆ. ಅಷ್ಟು ಅಗಲದ ತಗ್ಗು ನೀರನ್ನು ದಾಟಿ ಬರುವಾಗ ಅಲೆ ತಳಕ್ಕೆ ಉಜ್ಜಿ ಶಕ್ತಿ ಕಳೆದುಕೊಳ್ಳುತ್ತದೆ, ದಿಕ್ಕು ಬಾಗಿಸಿಕೊಳ್ಳುತ್ತದೆ, ಕೊನೆಗೆ ಒಡೆಯುತ್ತದೆ. ಚಾಚಿಕೊಂಡ ಭೂಶಿರಗಳ ಮೇಲೆ ಶಕ್ತಿ ಒಟ್ಟಾಗುತ್ತದೆ, ಒಳಸರಿದ ಕೊಲ್ಲಿಗಳಲ್ಲಿ ಚದುರುತ್ತದೆ. ಹೀಗಾಗಿ 50 ಮೀಟರ್ ಆಳದ ಅಂಕಿಯನ್ನು 10 ಮೀಟರ್ ಆಳಕ್ಕೆ ಹಾಗೆಯೇ ಒಯ್ಯಲಾಗದು. ಅದಕ್ಕಾಗಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿದ ಸ್ವಾನ್‌ನಂಥ ತೀರದ ಅಲೆಗಳ ಗಣಕ ಮಾದರಿಯನ್ನು ಓಡಿಸಬೇಕು. ಅದೂ ಉಚಿತವಾಗಿಯೇ ಸಿಗುತ್ತದೆ, ಆದರೆ ಕಡಲತಳದ ಒಳ್ಳೆಯ ನಕ್ಷೆ ಬೇಕು.

ಉದ್ದದಿಂದ ಗುಣಿಸುವುದರಲ್ಲಿ ಇನ್ನೊಂದು ಮೋಸವಿದೆ. ಭಾರತದ ಅಲೆಶಕ್ತಿ ಸೈದ್ಧಾಂತಿಕವಾಗಿ ಸುಮಾರು 41,300 ಮೆಗಾವ್ಯಾಟ್ ಎಂಬ ಅಂಕಿ ಸರ್ಕಾರಿ ಕಾಗದಗಳಲ್ಲಿ ಬರುತ್ತದೆ. ಅದನ್ನು ಹಳೆಯ ಲೆಕ್ಕದ 7,516 ಕಿ.ಮೀ. ತೀರಕ್ಕೆ ಹಂಚಿದರೆ ಪ್ರತಿ ಮೀಟರಿಗೆ ಸುಮಾರು 5.5 ಕಿಲೋವ್ಯಾಟ್. ಇತ್ತೀಚೆಗೆ ಹೆಚ್ಚು ಸೂಕ್ಷ್ಮವಾದ ನಕ್ಷೆಗಳ ಮೇಲೆ ಮರುಅಳತೆ ಮಾಡಿ ದೇಶದ ತೀರ 11,098 ಕಿ.ಮೀ. ಎಂದರು. ನಿಮ್ಮ ವಿಧಾನದಂತೆ ನಡೆದರೆ ಸಮುದ್ರದಲ್ಲಿ ಒಂದು ಹನಿಯೂ ಹೆಚ್ಚದೆ ನಮ್ಮ ಅಲೆಶಕ್ತಿ ಒಂದೂವರೆ ಪಟ್ಟು ಆಗಿಬಿಡುತ್ತದೆ! ಅಳಿವೆ, ಕೊರಕಲುಗಳ ಅಂಕುಡೊಂಕನ್ನು ಅಳೆಯುವುದು ಅಲೆಗೆ ಸಂಬಂಧಿಸಿದ್ದಲ್ಲ. ತೀರದಿಂದ ಆಚೆ, ನಿಶ್ಚಿತ ಆಳದ ಮೇಲೆ ನೇರ ಗೆರೆಯೊಂದನ್ನು ಎಳೆದು, ಆ ಗೆರೆಯನ್ನು ಲಂಬವಾಗಿ ದಾಟುವ ಶಕ್ತಿಯ ಅಂಶವನ್ನಷ್ಟೇ ಎಣಿಸಬೇಕು. ಮುಂಗಾರಿನ ಅಲೆಗಳು ಪಶ್ಚಿಮ, ನೈಋತ್ಯಗಳಿಂದ ನಮ್ಮ ತೀರಕ್ಕೆ ಹೆಚ್ಚುಕಡಿಮೆ ನೇರವಾಗಿಯೇ ಬರುವುದರಿಂದ ಆಗ ನಷ್ಟ ಕಡಿಮೆ. ಶಮಾಲ್ ಅಲೆಗಳು ಓರೆಯಾಗಿ ಬರುವುದರಿಂದ ಅವುಗಳ ಪಾಲು ಕುಗ್ಗುತ್ತದೆ.

ಉತ್ತರ 2: ಭೀಮಾತೀರ (ಯಾದಗಿರಿ)

ಬೀದರಿನ ಹಿರಿಯರು ಅಲೆಯ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ವಿದ್ಯುತ್ ಸರಬರಾಜಿನ ಕೆಲಸದಲ್ಲಿ ಇದ್ದವನಾದ್ದರಿಂದ ಕೊಳ್ಳುವವನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಅವು ಸ್ವಲ್ಪ ಕಹಿಯಾಗಿರಬಹುದು.

ಶಕ್ತಿಯ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದಾದರೆ, ಅದು ಬರುವುದು ಕರ್ನಾಟಕದಲ್ಲಿ ಗಾಳಿಯಂತ್ರಗಳು ಭರದಿಂದ ತಿರುಗುವ, ಜಲಾಶಯಗಳಿಗೆ ನೀರು ಬರುವ, ಪಂಪ್‌ಸೆಟ್ಟುಗಳು ವಿರಮಿಸುವ ಅದೇ ತಿಂಗಳುಗಳಲ್ಲಿ. ನಮಗೆ ವಿದ್ಯುತ್ತಿನ ಬರ ಬರುವುದು ಮಾರ್ಚ್‌ನಿಂದ ಮೇವರೆಗೆ, ಕಲಬುರಗಿಯ ಬಿಸಿಲು ನೆತ್ತಿ ಸುಡುವ ಕಾಲದಲ್ಲಿ. ಆಗ ಅರಬ್ಬಿ ಸಮುದ್ರ ಮಲಗಿರುತ್ತದೆ. ಆದ್ದರಿಂದ ರಾಜ್ಯದ ಗ್ರಿಡ್ಡಿಗೆ ಇದು ರಾಯಚೂರಿನ ಕೇಂದ್ರದೊಂದಿಗೆ ಹೋಲಿಸುವ ವಸ್ತುವೇ ಅಲ್ಲ. ಸ್ಕಾಟ್ಲೆಂಡ್, ಐರ್ಲೆಂಡಿನ ಪಶ್ಚಿಮ ತೀರಗಳಲ್ಲಿ ಪ್ರತಿ ಮೀಟರಿಗೆ ವರ್ಷದ ಸರಾಸರಿ 40 ಕಿಲೋವ್ಯಾಟಿಗೂ ಮೀರಿದ ಶಕ್ತಿಯಿದೆ. ಅಲ್ಲಿ ಅಲೆ ಏರುವುದು ಚಳಿಗಾಲದಲ್ಲಿ, ಮನೆ ಬಿಸಿಮಾಡಲು ವಿದ್ಯುತ್ತಿನ ಬೇಡಿಕೆ ಏರುವುದೂ ಚಳಿಗಾಲದಲ್ಲೇ. ಅವರ ಪ್ರಬಂಧಗಳ ಉತ್ಸಾಹವನ್ನು ನಾವು ಹಾಗೆಯೇ ಎರವಲು ತಂದುಕೊಳ್ಳಬಾರದು.

ಯಂತ್ರದ ಮಿತಿಯನ್ನೂ ಎಣಿಸಿ. 24.5 ಕಿಲೋವ್ಯಾಟಿಗೆ ಹೊಂದುವ ಯಂತ್ರವನ್ನು ಕಟ್ಟಿದರೆ ಅದು ಎಂಟು ತಿಂಗಳು ತನ್ನ ಸಾಮರ್ಥ್ಯದ ಹತ್ತನೇ ಒಂದು ಭಾಗದಲ್ಲಿ ತೂಕಡಿಸುತ್ತದೆ. ಚಿಕ್ಕ ಯಂತ್ರವನ್ನು ಕಟ್ಟಿದರೆ ಮುಂಗಾರಿನ ಹೆಚ್ಚುವರಿ ಶಕ್ತಿಯೆಲ್ಲ ಪಕ್ಕದಲ್ಲೇ ಹಾದುಹೋಗುತ್ತದೆ. ಚಂಡಮಾರುತದ ಅಲೆಗಳಂತೂ ಸರಾಸರಿಯನ್ನು ಏರಿಸುತ್ತವೆಯೇ ಹೊರತು ಒಂದು ಯೂನಿಟ್ಟನ್ನೂ ಕೊಡುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದಂಥ ದಿನಗಳಲ್ಲಿ ಯಂತ್ರವನ್ನು ಸ್ಥಗಿತಗೊಳಿಸಿ ಉಳಿಸಿಕೊಳ್ಳುವುದಷ್ಟೇ ಸಾಧ್ಯ, ಆದರೆ ಅದರ ಲಂಗರು, ಸರಪಳಿಗಳ ಖರ್ಚನ್ನು ನಿರ್ಧರಿಸುವುದು ಆ ದಿನಗಳೇ. ದುರಸ್ತಿಯ ಕಾಲವನ್ನೂ ಮರೆಯಬೇಡಿ. ಪಶ್ಚಿಮ ತೀರದಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನೋತ್ಪತ್ತಿ ಅದಕ್ಕೆ ಕಾರಣವಾದರೂ ಆ ಕಡಲಿನ ಅಬ್ಬರ ದೋಣಿಗೂ ಒಂದೇ, ದುರಸ್ತಿಗೆ ಹೋಗುವವರಿಗೂ ಒಂದೇ. ಜೂನ್ ಮೊದಲ ವಾರದಲ್ಲಿ ಕೆಟ್ಟ ಯಂತ್ರ ಮುಂಗಾರು ಮುಗಿಯುವವರೆಗೆ ಕೆಟ್ಟೇ ಇರಬಹುದು, ಆಗ ವರ್ಷದ ಬೆಳೆಯೇ ಹೋದಂತೆ.

ನಮ್ಮ ದೇಶದಲ್ಲಿ ಇದನ್ನು ಯಾರೂ ಮಾಡಿಲ್ಲವೆಂದಲ್ಲ. ಐಐಟಿ ಮದ್ರಾಸಿನವರು ರೂಪಿಸಿದ 150 ಕಿಲೋವ್ಯಾಟಿನ ಘಟಕ ಕೇರಳದ ವಿಳಿಞ್ಞಂನಲ್ಲಿ 1991ರಲ್ಲೇ ಕೆಲಸ ಆರಂಭಿಸಿತ್ತು. ಅಲೆ ಏರಿಳಿದಂತೆ ಕಾಂಕ್ರೀಟ್ ಕೋಣೆಯೊಳಗಿನ ಗಾಳಿ ಹೊರನುಗ್ಗಿ ಒಳಸೆಳೆದು ಟರ್ಬೈನನ್ನು ತಿರುಗಿಸುವ ಬಗೆ ಅದು. ಆದರೆ ಅದರ ಹಿಂದೆ ಸಾಲುಸಾಲಾಗಿ ಇಂಥ ಘಟಕಗಳು ಎದ್ದು ನಿಲ್ಲಲಿಲ್ಲ ಎಂಬುದನ್ನು ವರದಿಯಲ್ಲಿ ಬರೆಯಿರಿ. ಪೋರ್ಚುಗಲ್ಲಿನಲ್ಲಿ 2008ರಲ್ಲಿ ತಲಾ 750 ಕಿಲೋವ್ಯಾಟಿನ ಮೂರು ತೇಲುವ ಯಂತ್ರಗಳನ್ನು ಕಡಲಿಗಿಳಿಸಿ ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆದು ತಂದರು. ಸ್ಪೇನಿನ ಮುಟ್ರಿಕುವಿನಲ್ಲಿ ಬಂದರಿನ ಅಲೆತಡೆ ಗೋಡೆಯೊಳಗೇ ಕೂರಿಸಿದ 296 ಕಿಲೋವ್ಯಾಟಿನ ಘಟಕ 2011ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. ಗೋಡೆ ಹೇಗೂ ಕಟ್ಟಬೇಕಿದ್ದಲ್ಲಿ ಇದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 3: ಕಡಲಿಲ್ಲದೂರು (ಬೀದರ್, ಸದ್ಯ ಹೈದರಾಬಾದ್)

ಯಾದಗಿರಿಯ ಸರ್ ಗ್ರಿಡ್ಡಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದೇ ತರ್ಕವನ್ನು ದ್ವೀಪಕ್ಕೆ ಒಯ್ಯಲು ಒಪ್ಪಲಾರೆ. ಲಕ್ಷದ್ವೀಪದಲ್ಲಿ ವಿದ್ಯುತ್ತಿನ ಬಹುಪಾಲು ಡೀಸೆಲ್ ಜನರೇಟರುಗಳಿಂದ ಬಂದದ್ದು, ಆ ಡೀಸೆಲ್ ಮುಖ್ಯಭೂಮಿಯಿಂದ ಹಡಗಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಕಡಲು ಕೆರಳಿ ಸಾಗಾಟ ಕಷ್ಟವಾಗುತ್ತದೆ, ಮೋಡ ಕವಿದು ಸೌರಫಲಕಗಳೂ ಕುಗ್ಗುತ್ತವೆ. ಅಲೆ ಏರುವುದು ಸರಿಯಾಗಿ ಆಗಲೇ. ಇಲ್ಲಿ ಪೈಪೋಟಿ ರಾಯಚೂರಿನ ಕಲ್ಲಿದ್ದಲಿನೊಂದಿಗಲ್ಲ, ಹಡಗೇರಿ ಬಂದ ಡೀಸೆಲ್ಲಿನೊಂದಿಗೆ.

ಸುತ್ತಳತೆಯಿಂದ ಗುಣಿಸಿದ್ದು ಮಾತ್ರ ತಪ್ಪೇ, ಮೇಡಂ. ಗಾಳಿಮಳೆ ಹೊಡೆದಾಗ ಮನೆಯ ನಾಲ್ಕೂ ಗೋಡೆಗಳು ಒಂದೇ ಸಮ ನೆನೆಯುವುದಿಲ್ಲ. ಅಲೆ ಬಂದ ದಿಕ್ಕಿಗೆ ದ್ವೀಪ ಎಷ್ಟು ಅಗಲವಾಗಿ ಎದುರಾಗುತ್ತದೆಯೋ ಅಷ್ಟನ್ನೇ ಎಣಿಸಬೇಕು. ಹಿಂಬದಿಗೆ ಬಾಗಿ ಬರುವ ಅಲೆ ಇದ್ದರೂ ಅದು ಸಣ್ಣದು, ಅದನ್ನು ಪೂರ್ತಿ ಎಣಿಸಿದರೆ ಒಂದೇ ಅಲೆಯನ್ನು ಎರಡು ಸಲ ಮಾರಿದಂತೆ.

ಇದಕ್ಕಿಂತ ದೊಡ್ಡ ತೊಡಕು ಜಾಲಬಿಂದುವಿನದು. ಎರಾ-5ರ ಅಲೆ ದತ್ತಾಂಶದ ಚೌಕ ಅರ್ಧ ಡಿಗ್ರಿಯದು, ಅಂದರೆ ಸುಮಾರು 55 ಕಿ.ಮೀ. ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಸೇರಿದರೂ 32 ಚದರ ಕಿ.ಮೀ. ಆ ಚೌಕಕ್ಕೆ ಕವರತ್ತಿ ಬಹುತೇಕ ಕಾಣುವುದೇ ಇಲ್ಲ. ನಿಮಗೆ ಸಿಕ್ಕಿರುವುದು ದ್ವೀಪದ ಅಲೆಯಲ್ಲ, ಆ ಭಾಗದ ತೆರೆದ ಕಡಲಿನ ಅಲೆ. ಕವರತ್ತಿಯ ಪಶ್ಚಿಮಕ್ಕೆ ಹವಳದ ದಿಬ್ಬ, ಅದರೊಳಗೆ ಲಗೂನ್ (ದಿಬ್ಬ ಸುತ್ತುವರಿದ ತಗ್ಗು ನೀರು), ಪೂರ್ವದ ಅಂಚಿನಲ್ಲಿ ಜನವಸತಿಯ ನೆಲ. ಮುಂಗಾರಿನ ಅಲೆ ದಿಬ್ಬದ ಮೇಲೆ ಒಡೆದು ಲಗೂನಿನೊಳಗೆ ಸೌಮ್ಯವಾಗಿ ಬರುತ್ತದೆ. ಶಕ್ತಿ ಬೇಕಾದರೆ ಯಂತ್ರ ದಿಬ್ಬದಾಚೆ ಇರಬೇಕು. ಅಲ್ಲಿ ತಳ ಕಡಿದಾಗಿ ಇಳಿಯುವುದರಿಂದ ದಡಕ್ಕೆ ಹತ್ತಿರದಲ್ಲೇ ಆಳ ನೀರು ಸಿಗುವುದು ಲಾಭ. ಆದರೆ ಕೇಬಲ್ ಹವಳವನ್ನೂ ಲಗೂನನ್ನೂ ದಾಟಿಯೇ ಬರಬೇಕು. ಹವಳ ಕೆಟ್ಟರೆ ದ್ವೀಪಕ್ಕೆ ಗೋಡೆಯೇ ಇಲ್ಲ.

ಮಾದರಿಯ ಅಂಕಿಯನ್ನು ಅಳತೆಯೊಂದಿಗೆ ತಾಳೆ ನೋಡದೆ ವರದಿ ಮುಗಿಸಬೇಡಿ. ವೇವ್‌ರೈಡರ್ ಎಂಬ ತೇಲುವ ಗೋಳ ತನ್ನ ಮೇಲ್ಕೆಳಗಿನ ವೇಗೋತ್ಕರ್ಷವನ್ನು ಅಳೆದು ಅದರಿಂದ ಅಲೆಯ ಎತ್ತರವನ್ನು ಕಂಡುಹಿಡಿಯುತ್ತದೆ. ಇಂಥವನ್ನು ಕಾರವಾರವೂ ಸೇರಿದಂತೆ ಹಲವು ಕಡೆ ಕೇಂದ್ರ ಸರ್ಕಾರದ ಸಮುದ್ರ ಮಾಹಿತಿ ಕೇಂದ್ರವಾದ ಇನ್ಕಾಯಿಸ್ ಸಂಸ್ಥೆ ನಿಲ್ಲಿಸಿದೆ. 2013ರಲ್ಲಿ ಹಾರಿಸಿದ ಭಾರತ ಮತ್ತು ಫ್ರಾನ್ಸ್ ಜಂಟಿ ಉಪಗ್ರಹ ಸರಳ್‌ನಂಥವು ರೇಡಾರ್ ಪ್ರತಿಧ್ವನಿಯ ಆಕಾರದಿಂದ ಅಲೆಯ ಎತ್ತರ ತಿಳಿಸುತ್ತವೆ. ಆದರೆ ಅವಧಿಯನ್ನು ನೇರವಾಗಿ ತಿಳಿಸುವುದಿಲ್ಲ, 2016ರವರೆಗಿನ ಕಕ್ಷೆಯಲ್ಲಿ ಒಂದೇ ಪಥಕ್ಕೆ ಮರಳಲು 35 ದಿನ ತೆಗೆದುಕೊಳ್ಳುತ್ತಿದ್ದ ಉಪಗ್ರಹದಿಂದ ಗಂಟೆಗಂಟೆಯ ಸರಣಿಯೂ ಸಿಗುವುದಿಲ್ಲ. ಅಂದಹಾಗೆ, ಸಮುದ್ರ ಕಾಣದ ಹುಡುಗರು ಎಂದು ಸಂಕೋಚ ಪಡಬೇಕಾಗಿಲ್ಲ. ದೇಶದ ಸಮುದ್ರಕ್ಕೆಲ್ಲ ಅಲೆಯ ಮುನ್ಸೂಚನೆ ಕೊಡುವ ಆ ಇನ್ಕಾಯಿಸ್ ಇರುವುದೇ ಹೈದರಾಬಾದಿನಲ್ಲಿ, ನಮ್ಮ ಹಾಗೆಯೇ ದಖ್ಖನ್ ಬಂಡೆಯ ಮೇಲೆ.

ಮರುಪ್ರಶ್ನೆ: ತೊಗರಿನಾಡು (ಕಲಬುರಗಿ)

ಮೂವರಿಗೂ ಕೃತಜ್ಞತೆಗಳು. ವಿದ್ಯಾರ್ಥಿಗಳು 2,300 ಮೆಗಾವ್ಯಾಟಿನ ಸಾಲನ್ನು ತಾವೇ ಹೊಡೆದುಹಾಕಿದ್ದಾರೆ, ಸ್ವಲ್ಪ ಬೇಸರದಿಂದಲೇ. ಈಗ ಯಂತ್ರದ ಮಿತಿಯನ್ನು ಸೇರಿಸಿ ಹೊಸ ಲೆಕ್ಕ ಮಾಡಿದ್ದಾರೆ. ಪ್ರತಿ ಮೀಟರಿಗೆ 10 ಕಿಲೋವ್ಯಾಟಿಗಿಂತ ಹೆಚ್ಚಿನದನ್ನು ಯಂತ್ರ ಬಿಟ್ಟುಬಿಡುತ್ತದೆ ಎಂದುಕೊಂಡರೆ ಎಂಟು ತಿಂಗಳು 2.5, ನಾಲ್ಕು ತಿಂಗಳು 10, ವರ್ಷದ ಸರಾಸರಿ 5 ಕಿಲೋವ್ಯಾಟ್. ಅಲೆಯಿಂದ ತಂತಿಯವರೆಗಿನ ದಕ್ಷತೆಯನ್ನು ನೂರಕ್ಕೆ 30 ಎಂದು ಊಹಿಸಿ, ಒಟ್ಟು 100 ಮೀಟರ್ ಅಗಲದ ಯಂತ್ರಗಳಿದ್ದರೆ ಮುಂಗಾರಿನಲ್ಲಿ 300 ಕಿಲೋವ್ಯಾಟ್, ಉಳಿದ ಕಾಲದಲ್ಲಿ 75 ಕಿಲೋವ್ಯಾಟ್, ವರ್ಷದ ಸರಾಸರಿ 150 ಕಿಲೋವ್ಯಾಟ್ ಬರುತ್ತದೆ. ದ್ವೀಪದ ಲೆಕ್ಕದಲ್ಲಿ ಡೀಸೆಲ್ ಉಳಿತಾಯವನ್ನು 150ರ ಮೇಲೆ ಮಾಡಬೇಕೋ, ತಿಂಗಳುವಾರು ಮಾಡಬೇಕೋ ಎಂಬುದು ಅವರ ಈಗಿನ ಚರ್ಚೆ. ಸ್ವಾನ್ ಓಡಿಸಲು ನಮ್ಮಲ್ಲಿ ಈ ಸೆಮಿಸ್ಟರಿನಲ್ಲಿ ಸಮಯವಿಲ್ಲ. ಆದ್ದರಿಂದ 50 ಮೀಟರ್ ಆಳದಾಚೆಯ ಅಂದಾಜು ಮಾತ್ರ ಎಂದು ಶೀರ್ಷಿಕೆಯಲ್ಲೇ ಬರೆಯುತ್ತೇವೆ.

ಉತ್ತರ 4: ಬಿದರಿ ಕುಸುರಿ (ಬೀದರ್)

ತಿಂಗಳುವಾರು ಮಾಡಿ, ಮೇಡಂ. 300 ಕಿಲೋವ್ಯಾಟ್ ಬಂದ ರಾತ್ರಿ ದ್ವೀಪದ ಬೇಡಿಕೆ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದು ಡೀಸೆಲ್ ಉಳಿಸುವುದಿಲ್ಲ, ಸುಮ್ಮನೆ ಹೋಗುತ್ತದೆ. ಇನ್ನೊಂದು ತಿದ್ದುಪಡಿ: 10 ಕಿಲೋವ್ಯಾಟಿನ ಮಿತಿಯನ್ನು ಋತುವಿನ ಸರಾಸರಿಗೆ ಹಾಕಿದ್ದೀರಿ, ಅದನ್ನು ಗಂಟೆಗಂಟೆಗೆ ಹಾಕಬೇಕು. ಮುಂಗಾರಿನಲ್ಲೂ ಕಡಲು ಇಳಿದ ದಿನಗಳಿರುತ್ತವೆ, ಆ ಗಂಟೆಗಳಲ್ಲಿ ಯಂತ್ರಕ್ಕೆ 10 ಸಿಗುವುದಿಲ್ಲ. ಆದ್ದರಿಂದ ನಿಮ್ಮ 300 ಇನ್ನೂ ಸ್ವಲ್ಪ ಇಳಿಯುತ್ತದೆ. ಕೋಷ್ಟಕದ ಅಡ್ಡಸಾಲಿನಲ್ಲಿ ಅವಧಿ, ನಿಲುಸಾಲಿನಲ್ಲಿ ಎತ್ತರ ಬರೆದು, ಅದರ ಪ್ರತಿ ಚೌಕದಲ್ಲಿ ವರ್ಷಕ್ಕೆ ಅಂಥ ಗಂಟೆಗಳು ಎಷ್ಟು ಎಂದು ತುಂಬಿಸಿದರೆ ಈ ಲೆಕ್ಕ ಒಂದು ಸಂಜೆಯ ಕೆಲಸ. ದಕ್ಷತೆಯ 30 ಎಂಬುದು ಊಹೆ ಎಂದು ಕೋಷ್ಟಕದ ಕೆಳಗಲ್ಲ, ಅದೇ ಸಾಲಿನಲ್ಲಿ ಬರೆಯಿಸಿ.